ಬೋಳು ಬಾಣ ಕೊಡಬಾರದು

ಆಗ ನಮ್ಮ ಕಮಲಾಪುರದಲ್ಲಿ ಬಂದೂಕು ಇದ್ದದ್ದು ಉಳ್ಳವರ ಹತ್ತಿರ ಮಾತ್ರ. ಕೆಂಪು ಬಾಳೆಯ ತೋಟಕ್ಕೆ ನುಗ್ಗಿ ಗಡ್ಡೆ ಅಗೆಯುವ ಕಾಡುಹಂದಿಗಳಿಗೆ ನಮ್ಮ ಮುತ್ಯಾನ ಬಿಲ್ಲು-ಬಾಣವೇ ಮದ್ದು. ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ತೋಟ ಸಾಹುಕಾರನದು, ಕಾವಲು ನಮ್ಮದು.

ಮಳೆಗಾಲದ ಕೊನೆಗೆ ಬಾಣದ ಗರಿಗಳು ತೊಯ್ದು, ಹುಳು ತಿಂದು ಬೋಳಾಗುತ್ತಿದ್ದವು. ಮುತ್ಯಾ ಅವನ್ನು ಕೆರೆದು ತೆಗೆದು ಹೊಸ ಗರಿ ಕಟ್ಟುತ್ತಿದ್ದ. ತೊಗಲು ಕುದಿಸಿದ ಅಂಟಿನ ನಾತಕ್ಕೆ ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನನಗೋ ಆ ನಾತವೇ ಹಬ್ಬ. ಊರ ಹೊರಗೆ ಬಿದ್ದ ರಣಹದ್ದಿನ ಗರಿ ಆರಿಸಿ ತರುವುದು ನನ್ನ ಕೆಲಸ. ಒಂದು ಬಾಣಕ್ಕೆ ಒಂದೇ ಮಗ್ಗುಲಿನ ರೆಕ್ಕೆಯ ಗರಿ ಬೇಕು. ಎಡ-ಬಲ ಬೆರೆಸಿದರೆ ಬಾಣ ತೂರಾಡುತ್ತದೆ. ರಜಾಕಾರರ ಗಲಾಟೆಯ ಆ ವರ್ಷ ಗರಿಗೆ ಬರವಿರಲಿಲ್ಲ. ಹದ್ದು ಅಷ್ಟೊಂದು ಯಾಕೆ ಬಂದಿವೆ ಎಂದು ಕೇಳಿದರೆ ದೊಡ್ಡವರು ಬೈಯುತ್ತಿದ್ದರು.

ಪೊಲೀಸ್ ಕಾರ್ಯಾಚರಣೆ ಮುಗಿಯಿತು. ನಿಜಾಮನ ಆಳಿಕೆ ಹೋಯಿತೆಂದು ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ಅದರ ಬೆನ್ನಿಗೇ ಡಂಗುರ ಬಂತು: ಆಯುಧ ಇದ್ದವರು ಕಲಬುರಗಿಗೆ ತಂದು ಒಪ್ಪಿಸಬೇಕು.

ಮುತ್ಯಾ ಅಂಟು ಕುದಿಯಲಿಟ್ಟ.

"ಯಪ್ಪಾ, ಕೊಟ್ಟುಬಿಡೋ ಬಾಣಕ್ಕ ಗರಿ ಯಾಕ ಕಟ್ಟಾಕತ್ತೀ?" ಅಪ್ಪ ಕೇಳಿದ.

"ಬೋಳು ಬಾಣ ಮಂದಿ ಕೈಯಾಗ ಕೊಡಬಾರ್ದೋ. ಕೊಟ್ಟವನ ಮಾನ ಹೋಗ್ತದ."

ಅದು ನಮ್ಮವರ ಕಟ್ಟಳೆ. ಎರವಲು ಕೊಡಲಿ, ಅಳಿಯನಿಗೆ ಉಡುಗೊರೆ ಕೊಡಲಿ, ಗರಿ ಹೊಸದೇ ಇರಬೇಕು. ನಾನು ಬಿಗಿಯಾಗಿ ಹಿಡಿದ ದಾರವನ್ನು ಮುತ್ಯಾ ಹಲ್ಲಿನಿಂದ ಕಡಿದ. "ಈಗ ನೋಡವ್ವಾ, ಹೊಸಾ ಸರಕಾರಕ್ಕ ಛಂದ ಕಾಣ್ತಾವ," ಅಂದ. ಮೊಮ್ಮಗಳಾದ ನನ್ನನ್ನು ಅವನು ಕರೆಯುತ್ತಿದ್ದುದೇ 'ಅವ್ವಾ' ಎಂದು.

ಬಂಡಿಯಲ್ಲಿ ನಾನೂ ಹೋಗಿದ್ದೆ. ಕಲಬುರಗಿಯಲ್ಲಿ ಹಾಕಿದ್ದ ಡೇರೆಯೊಳಗೆ ತುಕ್ಕು ಹಿಡಿದ ಕತ್ತಿ, ಮುರುಕು ಭರ್ಜಿ ಕೊಟ್ಟವರೆಲ್ಲ ಸಲಾಮು ಹೊಡೆದು ಮನೆಗೆ ಹೋದರು. ನಮ್ಮ ಬಾಣ ಎತ್ತಿಕೊಂಡ ಅಧಿಕಾರಿ ಗರಿ ಸವರಿ ಮೂಸಿ ನೋಡಿದ. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಯೇ ತೋ ಅಭೀ ಬನಾಯಾ ಹೈ. ಕಿಸ್ಕೋ ಮಾರ್ನೇ ಕೋ?" ಈಗಷ್ಟೇ ಮಾಡಿದ್ದು, ಯಾರನ್ನು ಹೊಡೆಯಲಿಕ್ಕೆ ಎಂದು ಅವನ ಪ್ರಶ್ನೆ.

"ನಿಮಗ ಕೊಡ್ಲಿಕ್ಕೇ ಮಾಡೀನ್ರಿ ಸಾಹೇಬ," ಎಂದ ಮುತ್ಯಾ, ಹೆಮ್ಮೆಯಿಂದ.

ಡೇರೆಯಲ್ಲಿದ್ದವರೆಲ್ಲ ನಕ್ಕರು. ಇಷ್ಟು ದಡ್ಡ ಸುಳ್ಳನ್ನು ಅವರು ಕೇಳಿರಲಿಲ್ಲವಂತೆ. ಮುತ್ಯಾನನ್ನು ಒಳಗೆ ಹಾಕಿದರು. ನಾನೂ ಅಪ್ಪನೂ ಖಾಲಿ ಬಂಡಿಯಲ್ಲಿ ಊರಿಗೆ ಮರಳಿದೆವು.

ಅವನನ್ನು ಬಿಡುವಷ್ಟರಲ್ಲಿ ಹಂದಿಗಳು ತೋಟ ಮುಗಿಸಿದ್ದವು. ಸಾಹುಕಾರ ಕಾವಲನ್ನು ಬೇರೆಯವರಿಗೆ ಕೊಟ್ಟಿದ್ದ. ಮುತ್ಯಾನನ್ನು ನಗಿಸಬೇಕೆಂದು ನಾನು ಕೂಡಿಟ್ಟಿದ್ದ ಗರಿಗಳನ್ನೆಲ್ಲ ತಂದು ಮುಂದಿಟ್ಟೆ, ಎಡದವು ಬೇರೆ, ಬಲದವು ಬೇರೆ ಮಾಡಿ.

"ಒಲಿಯಾಗ ಹಾಕವ್ವಾ," ಅಂದ.

ಸುಟ್ಟ ಗರಿಯ ನಾತ ಮನೆ ತುಂಬಿತು. ಅವ್ವ ಅಂದು ಮೂಗು ಮುಚ್ಚಿಕೊಳ್ಳಲಿಲ್ಲ.

ಈಗ ಕಮಲಾಪುರದ ಆಕಾಶದಲ್ಲಿ ರಣಹದ್ದುಗಳಿಲ್ಲ. ಬಿಲ್ಲು ಹಿಡಿದವರೂ ಇಲ್ಲ. ಹೋಗಲಿ, ಕಾಲ ಬದಲಾಯಿತು ಅನ್ನಬಹುದು. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಒಂದಕ್ಕೇ. ಕೊಡುವುದನ್ನು ಸರಿಮಾಡಿ ಕೊಡಬೇಕು ಎಂಬ ಮಾತನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ನನ್ನ ಮಕ್ಕಳಿಗೆ ನಾನೂ ಕಲಿಸಲಿಲ್ಲ.