ಕರೆಂಟಿಲ್ಲದೆ ಓದಿದ ಪೆಟ್ಟಿಗೆ

ನಾನು ಕಾಪುವಿನವನು. ನಮ್ಮ ಕಡೆ ಭೂತ ಪ್ರೇತಗಳ ಕಥೆಗೆ ಎಂದೂ ಬರಗಾಲವಿಲ್ಲ. ಯಾರಾದರೂ ಅಂಥದ್ದು ಶುರು ಮಾಡಿದರೆ "ಸಾಕು ಮಾರಾಯ್ರೆ, ಬೇರೆ ಎಂತಾದರೂ ಹೇಳಿ" ಎಂದು ಎದ್ದುಹೋಗುತ್ತಿದ್ದೆ. ರೇಡಿಯೋ ರಿಪೇರಿ ಮಾಡಿ ಬೆಳೆದವನು ನಾನು. ಸದ್ದು ಬಂತೆಂದರೆ ಎಲ್ಲೋ ಒಂದು ವೈರು ಇರಲೇಬೇಕು ಎಂಬುದು ನನ್ನ ನಂಬಿಕೆ. ಈಗ ನಾನೇ ಇಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವೂ ಎದ್ದುಹೋದರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಮಾತು. ಮಣಿಪಾಲದ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಲ್ಯಾಣಪುರದ ಲಿಲ್ಲಿ ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಮೊದಲು ಉಡುಪಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು. ಅಲ್ಲಿ ಒಬ್ಬರು ಕಾಮಾ, ಫುಲ್‌ಸ್ಟಾಪ್ ಸಹಿತ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತಪ್ಪು ಸಿಕ್ಕಿದ ಕೂಡಲೇ ಪೆನ್ಸಿಲಿನಿಂದ ಮೇಜು ಕುಟ್ಟುವುದು ಕ್ರಮ. "ಕಣ್ಣು ಇರಬೇಕಾದದ್ದನ್ನು ಓದುತ್ತದೆ, ಕಿವಿಗೆ ಇದ್ದದ್ದೇ ಕೇಳುತ್ತದೆ" ಎನ್ನುತ್ತಿದ್ದಳು.

ಅವಳ ಕಣ್ಣು ಮಂಜಾಗುತ್ತಾ ಬಂದಿತ್ತು. ಡಾಕ್ಟರುಗಳು ಕೈಚೆಲ್ಲಿದ್ದರು. ಸ್ಕ್ರೀನಿನ ಅಕ್ಷರ ಕಾಣದವಳಿಗೆ ಆಫೀಸಿನಲ್ಲಿ ಎಂತ ಕೆಲಸ? "ಮನೆಯಲ್ಲಿ ಕೂತರೆ ಎಲ್ಲರೂ ನನ್ನ ಕೈಹಿಡಿದು ನಡೆಸುತ್ತಾರೆ. ಇಲ್ಲಿ ನಾನು ನಿಮ್ಮೆಲ್ಲರ ತಪ್ಪು ಹಿಡಿಯುತ್ತೇನೆ. ಇದನ್ನೊಂದು ತಪ್ಪಿಸಬೇಡಿ" ಎಂದು ನನ್ನಲ್ಲಿ ಹೇಳಿದ್ದಳು.

ಆಗ ಮಾತಾಡುವ ಚಿಪ್ ಎಂಬುದೊಂದು ಹೊಸದಾಗಿ ಬಂದಿತ್ತು. ಬೊಂಬಾಯಿಯಿಂದ ತರಿಸಿ, ಒಂದು ಪೆಟ್ಟಿಗೆ ಮಾಡಿ ಕಂಪ್ಯೂಟರಿಗೆ ಜೋಡಿಸಿದೆ. ಅದು ನೆಗಡಿಯಾದವರ ಹಾಗೆ ಮೂಗಿನಲ್ಲಿ, ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಚಿಹ್ನೆ ಬಿಡದೆ ಓದುತ್ತಿತ್ತು. ಲಿಲ್ಲಿ ಕಣ್ಣು ಮುಚ್ಚಿ ಕೇಳುವಳು, ತಪ್ಪು ಬಂದಲ್ಲಿ ಟಕ್ಕೆಂದು ಮೇಜು ಕುಟ್ಟುವಳು. ಕಣ್ಣಿದ್ದ ನಾವು ದಿನವಿಡೀ ಹುಡುಕಿದ್ದು ಅವಳಿಗೆ ಒಮ್ಮೆ ಕೇಳಿದರೆ ಸಾಕಿತ್ತು.

ನಮ್ಮ ಮ್ಯಾನೇಜರ್ ಕಾರ್ಕಳದವರು, ಕೆಟ್ಟವರಲ್ಲ. "ಒಂದು ಪರೀಕ್ಷೆ ಮಾಡುವ. ಗೆದ್ದರೆ ಲಿಲ್ಲಿ ಇರಲಿ, ಇಲ್ಲದಿದ್ದರೆ ನನ್ನನ್ನು ಬೈಯಬಾರದು" ಎಂದರು. ಔಷಧಿ ಸ್ಟಾಕಿನ ಪ್ರೋಗ್ರಾಮಿನಲ್ಲಿ, ಬಾಗಿಲು ಹಾಕಿಕೊಂಡು, ತಾವೇ ಒಂದು ತಪ್ಪು ಸೇರಿಸಿದರು. ಎಲ್ಲಿ, ಎಂತದ್ದು ಎಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮೂವರೂ ಕೂತೆವು. ಪೆಟ್ಟಿಗೆ ಓದುತ್ತಿತ್ತು. ಮ್ಯಾನೇಜರ್ ಕಾಗದದ ಪ್ರತಿಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಹಿಂಬಾಲಿಸುತ್ತಿದ್ದರು. ಅರ್ಧಕ್ಕೆ ಬಂದಿರಬೇಕು, ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಸ್ಕ್ರೀನ್ ಕಪ್ಪಾಯಿತು. ಪೆಟ್ಟಿಗೆ ನಿಲ್ಲಲಿಲ್ಲ.

ಅದೇ ಮೂಗಿನ ಸ್ವರ, ಅದೇ ವೇಗ. ಸಾಲಿನ ಮೇಲೆ ಸಾಲು. ಪೆಟ್ಟಿಗೆಯೊಳಗೆ ಬ್ಯಾಟರಿ ಇರಲಿಲ್ಲ, ಮಾಡಿದವನು ನಾನೇ ಅಲ್ವಾ? ಎಲ್ಲೋ ಚೂರು ಕರೆಂಟ್ ಉಳಿದಿತ್ತು ಎಂದಿಟ್ಟುಕೊಳ್ಳಿ, ಸಾಲುಗಳನ್ನು ಕೊಡಬೇಕಾದ ಕಂಪ್ಯೂಟರೇ ಸತ್ತು ಬಿದ್ದಿತ್ತಲ್ಲ! ಬಂದ ಔಷಧಿಯನ್ನು ಸ್ಟಾಕಿಗೆ ಕೂಡಿಸುವ ಸಾಲಿನಲ್ಲಿ ಅದು ಸ್ಪಷ್ಟವಾಗಿ "ಮೈನಸ್" ಎಂದಿತು. ಲಿಲ್ಲಿ ಮೇಜು ಕುಟ್ಟಿದಳು. "ಸರ್, ಅಲ್ಲಿ ಪ್ಲಸ್ ಇರಬೇಕು."

ಮ್ಯಾನೇಜರ್ ಕಾಗದ ನೋಡಿದರು, ಅವಳನ್ನು ನೋಡಿದರು. "ಸರಿಯೇ. ಆದರೆ ನಿಮಗೆ ಹೇಗೆ ಗೊತ್ತು? ಕರೆಂಟ್ ಹೋದಾಗ ನನ್ನ ಬೆರಳು ಇನ್ನೂ ಇಲ್ಲೇ, ಮೇಲೆ ಇತ್ತು. ಆ ಸಾಲಿಗೆ ಪೆಟ್ಟಿಗೆ ಬಂದೇ ಇರಲಿಲ್ಲ."

"ಪೆಟ್ಟಿಗೆ ಓದಿತಲ್ಲ ಸರ್."

"ಎಂತ ಓದುವುದು? ಕರೆಂಟ್ ಹೋದ ಮೇಲೆ ಒಂದು ಸದ್ದೂ ಇಲ್ಲ!"

"ಇಲ್ಲ ಸರ್, ಓದಿತು. ನಾನೂ ಕೇಳಿದೆ" ಎಂದೆ. ನನ್ನ ಆ ಮಾತೇ ಅವಳಿಗೆ ಮುಳುವಾಯಿತು. ಅವರ ಮುಖ ಕೆಂಪೇರಿತು. "ಇಬ್ಬರೂ ಸೇರಿ ನನ್ನ ಕಿವಿಗೆ ಹೂ ಇಡ್ತೀರಾ?" ಎಂದರು. ನಾನು ಹೇಗೋ ತಪ್ಪನ್ನು ಮೊದಲೇ ತಿಳಿದು ಅವಳಿಗೆ ಹೇಳಿಕೊಟ್ಟೆ ಎಂದೇ ಅವರ ಲೆಕ್ಕ. ಇನ್ನೊಮ್ಮೆ ಪರೀಕ್ಷೆ ಮಾಡಿ ಸರ್ ಎಂದು ಕೈಮುಗಿದೆ. ಅಷ್ಟರಲ್ಲಿ ಕರೆಂಟ್ ಬಂತು, ಬಂದ ರಭಸಕ್ಕೆ ಪೆಟ್ಟಿಗೆಯಿಂದ ಸುಟ್ಟ ವಾಸನೆಯೂ ಬಂತು. ಚಿಪ್ ಹೋಗಿತ್ತು. ಹೊಸದು ಬರುವವರೆಗೆ ಕಾಯಲು ಅವರು ಒಪ್ಪಲಿಲ್ಲ.

ಸುಳ್ಳು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಅಂದಾಜಿನಲ್ಲಿ ಹೇಳಿದಳು ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಕಂಡದ್ದನ್ನು, ಅಲ್ಲ, ಕೇಳಿದ್ದನ್ನು ಹೇಳಿ ಕೆಟ್ಟೆವು. ಅಂದು ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ.

ಪೆಟ್ಟಿಗೆಯನ್ನು ಎಷ್ಟು ಸಲ ಬಿಚ್ಚಿ ನೋಡಿದೆನೋ! ಕೊನೆಗೆ ಕಲ್ಯಾಣಪುರಕ್ಕೆ ಹೋದೆ. ಅವಳ ಕಣ್ಣು ಆಗ ಪೂರ್ತಿ ಹೋಗಿತ್ತು. ತಾಯಿ ಕೈಹಿಡಿದು ತಂದು ಕೂರಿಸಿದರು. ತಾಯಿ ಒಳಗೆ ಹೋಗುವುದನ್ನೇ ಕಾದಿದ್ದು ಲಿಲ್ಲಿ ಮೆಲ್ಲಗೆ ಕೇಳಿದಳು, "ಒಂದು ಸತ್ಯ ಹೇಳಿ. ನಿಮಗೆ ನಿಜವಾಗಿ ಕೇಳಿತ್ತಾ? ಅಲ್ಲ, ನನ್ನ ಮೇಲಿನ ಕನಿಕರಕ್ಕೆ ಹಾಗೆ ಹೇಳಿದ್ದಾ?"

ಕೇಳಿತ್ತು ಎಂದೆ. ಅಮ್ಮನ ಆಣೆ ಎಂದೆ.

"ನಿಮ್ಮ ಮುಖ ಒಮ್ಮೆ ಕಾಣುತ್ತಿದ್ದರೆ ಗೊತ್ತಾಗುತ್ತಿತ್ತು" ಎಂದಳು.