ಕಾರ್ಡ್ ಮಿಸ್ ಕೋಟೆಗೆ ಹೋಗಿಬಂದದ್ದು

ಕೆ.ಆರ್. ನಗರದ ನಿಲ್ದಾಣದಲ್ಲಿ ನಾನು ಹುಣಸೂರಿನ ಬಸ್ಸು ಹತ್ತಿದಾಗ ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಆಗಸ್ಟ್ ತಿಂಗಳ ಗುರುವಾರ, ಸೋನೆ ಹಿಡಿದ ಬೆಳಗು. ಒಂದು ಕೈಯಲ್ಲಿ ಎರಡು ಸೀರೆ, ಶಾಲು, ಮಾತ್ರೆಯ ಡಬ್ಬಿ ಇದ್ದ ಚೀಲ. ಇನ್ನೊಂದರಲ್ಲಿ ಲ್ಯಾಮಿನೇಷನ್ ಮಾಡಿಸಿದ ಮೂರು ಕಟ್ಟು ಕಾರ್ಡು. ಕಂಡಕ್ಟರ್ ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ಕವರಿನೊಳಗಿಂದ ಕಾಣುತ್ತಿದ್ದ ಕಪ್ಪು ಬಿಳಿ ಚೌಕಗಳ ಮೇಲೆ ಅವನ ಕಣ್ಣು ಬಿತ್ತು.

"ಅಂಗಡೀಲಿ ದುಡ್ಡು ಕಳ್ಸಕ್ಕೆ ಸ್ಕ್ಯಾನ್ ಮಾಡ್ತಾರಲ್ಲ, ಅವಾ ಅಮ್ಮಾ? ಮಾರಕ್ಕೆ ಹೊಂಟ್ರಾ?"

ಅಲ್ಲ ಎಂದು ತಲೆಯಾಡಿಸಿದೆ. ವರ್ಷದಿಂದ ಹೊರಗಿನವರಿಗೆಲ್ಲ ಹೀಗೇ ಮಾತಾಡದೆ, ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದೆ.

ಅದಕ್ಕೆ ಕಾರಣ ಹೇಳಬೇಕು. ಮೂವತ್ತೆರಡು ವರ್ಷ ನಾನು ಒಂದನೇ ತರಗತಿಯಿಂದ ಮೂರನೆಯವರೆಗಿನ ಮಕ್ಕಳಿಗೆ ಪಾಠ ಮಾಡಿದವಳು. ನನ್ನ ಹತ್ತಿರ ಇದ್ದದ್ದು ಒಂದು ಒಳ್ಳೆಯ ಧ್ವನಿ. ಹಾಡಿದರೆ ಪಕ್ಕದ ಕೋಣೆಯ ಮಕ್ಕಳೂ ಬರೆಯುವುದು ಬಿಟ್ಟು ಕೇಳುತ್ತಿದ್ದರು. ನಮ್ಮ ಶಾಲೆಯಲ್ಲಿ ಜೊತೆಗಿದ್ದ ಕುಮಾರ ಎಂಬ ಎಳೆಯ ವಯಸ್ಸಿನ ಮೇಷ್ಟ್ರು ಅದನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟ. ಒಂದು ಬೇಸಿಗೆಯಲ್ಲಿ ಉಗ್ರಾಣದ ಕಿಟಕಿ ಮುಚ್ಚಿ ಇಪ್ಪತ್ತನಾಲ್ಕು ತುಣುಕು ರೆಕಾರ್ಡ್ ಮಾಡಿದೆವು. ಕೆಲವು ಕಥೆ, ಕೆಲವು ಹಾಡು, ಹೆಚ್ಚಿನವು ಕೇಳಿಸಿಕೊಂಡು ಚಿತ್ರ ಬರೆಯುವ ಆಟ. ಒಂದೊಂದಕ್ಕೂ ಒಂದು ಕ್ಯೂಆರ್ ಕೋಡು, ಒಂದು ಕಾರ್ಡು. ಮಗು ಕಾರ್ಡಿಗೆ ಫೋನು ಹಿಡಿದರೆ ಸಾಕು, ನಾನು ಮಾತಾಡುತ್ತೇನೆ.

ಆಮೇಲೆ ಕುಮಾರನಿಗೆ ಎಚ್.ಡಿ. ಕೋಟೆ ಕಡೆಗೆ ವರ್ಗವಾಯಿತು. ಕಳೆದ ವರ್ಷ ನನ್ನ ಗಂಟಲಿನ ಥೈರಾಯ್ಡ್ ಗಡ್ಡೆ ತೆಗೆದರು. ಗಡ್ಡೆಯ ಜೊತೆ ಧ್ವನಿಯೂ ಹೋಯಿತು. ಉಳಿದದ್ದು ಗಾಳಿ ಸೋರುವಂಥ ಒಂದು ಗೊಗ್ಗರು. ಕೊನೆಯ ತಿಂಗಳುಗಳನ್ನು ಕೈಸನ್ನೆ, ಚಪ್ಪಾಳೆಗಳಲ್ಲಿ ಕಳೆದು ಮೇ ತಿಂಗಳಲ್ಲಿ ನಿವೃತ್ತಳಾದೆ. ಹಳೆಯ ರೆಕಾರ್ಡುಗಳು ನನ್ನ ಫೋನಿನಲ್ಲೇ ಇದ್ದವು. ಕೇಳುವ ಧೈರ್ಯ ಬಂದಿರಲಿಲ್ಲ.

ಜುಲೈಯಲ್ಲಿ ಕುಮಾರ ಫೋನು ಮಾಡಿದ. "ಮಿಸ್, ಮಕ್ಕಳು ಇಪ್ಪತ್ನಾಲ್ಕೂ ಬಾಯಿಪಾಠ ಮಾಡ್ಬಿಟ್ಟವ್ರೆ. ಇನ್ನೊಂದ್ ಹನ್ನೆರಡು ಮಾಡ್ಕೊಡಿ."

"ಯಾವ ಗಂಟಲಲ್ಲಿ ಮಾಡ್ಲಿ? ಬೇರೆ ಯಾರಾದ್ರೂ ಮಾಡ್ಲಿ ಬುಡಪ್ಪಾ," ಎಂದೆ.

"ಒಂದ್ಸಲ ಬಂದು ನೋಡಿ. ಆಮೇಲೆ ಬೇಡ ಅನ್ನಿ."

ಜೊತೆಗೆ ಒಂದು ಕೆಲಸವನ್ನೂ ಹಚ್ಚಿದ. ತನ್ನ ಶಾಲೆಗೂ ಕಾರ್ಡು ಬಳಸುವ ಇನ್ನೆರಡು ಶಾಲೆಗಳಿಗೂ ಹೊಸ ಪ್ರತಿ ತಲುಪಿಸಬೇಕು. ಹಳೆಯವು ಕೈಯಾಡಿ ಕೈಯಾಡಿ ಕೋಡು ಅಳಿಸಿಹೋಗಿವೆ. ಹಾಗಾಗಿ ಹೊರಟೆ.

ಮೊದಲ ಶಾಲೆ ಗಾವಡಗೆರೆ ಕಡೆಯದು. ಇಳಿದವಳು ಕೆಸರಿನಲ್ಲಿ ಅರ್ಧ ಮೈಲಿ ನಡೆದೆ. ಎರಡನೇ ತರಗತಿಯ ಮೇಡಂ ಬಾಗಿಲಿಗೇ ಬಂದು, "ಮಕ್ಕಳಿಗೆ ಹೇಳ್ಲಾ, ನೀವೇ ಅಂತ?" ಎಂದು ಮೆಲ್ಲಗೆ ಕೇಳಿದರು. ಬೇಡ ಎಂದು ಕೈಮುಗಿದು ಹಿಂದಿನ ಬೆಂಚಿನಲ್ಲಿ ಕೂತೆ. ಹನ್ನೊಂದು ಮಕ್ಕಳು. ಒಬ್ಬಳು ಆರನೇ ಕಾರ್ಡಿಗೆ ಫೋನು ಹಿಡಿದಳು. ಮೇಜಿನ ಮೇಲಿನ ಪುಟ್ಟ ಸ್ಪೀಕರಿನಿಂದ ನನ್ನ ಧ್ವನಿ ಬಂತು: "ಮಕ್ಕಳೇ, ಹಾಳೆ ತಗೊಂಡ್ರಾ? ನಡೂಮಧ್ಯ ಒಂದು ಮನೆ ಬರೀರಿ. ಮನೆ ಪಕ್ಕ ಒಂದು ಮರ. ಮರದ ಕೆಳಗೆ ಎರಡು ಕೋಳಿ. ಒಂದು ಕಾಳು ತಿಂತಿದೆ, ಇನ್ನೊಂದು ನಿದ್ದೆ ಮಾಡ್ತಿದೆ."

ಎಷ್ಟು ತಿಳಿಯಾಗಿತ್ತು! ನನ್ನದು ಎಂದು ನನಗೇ ನಂಬಿಕೆ ಬರಲಿಲ್ಲ. ಮಕ್ಕಳು ನಾಲಗೆ ಕಚ್ಚಿಕೊಂಡು ನಿದ್ದೆ ಮಾಡುವ ಕೋಳಿಯನ್ನು ಹೇಗೆ ಬರೆಯುವುದೆಂದು ತಿಣುಕುತ್ತಿದ್ದರು. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, ನಲ್ಲಿಯ ಹತ್ತಿರ ನಿಂತು, ಮುಖ ತೊಳೆದುಕೊಂಡು ಬಂದೆ. ಕಾರ್ಡಿನ ಕಟ್ಟು ಕೊಟ್ಟು, ಅವರು ಕೊಟ್ಟ ಟೀ ಕುಡಿದು ಹೊರಟೆ. ವಾಪಸ್ ಮನೆಗೇ ಹೋಗಿಬಿಡಲೇ ಎಂದು ರಸ್ತೆಯಲ್ಲಿ ನಿಂತು ಯೋಚಿಸಿದ್ದು ನಿಜ. ಆದರೆ ಮೊದಲು ಬಂದದ್ದು ಹುಣಸೂರಿನ ಬಸ್ಸು.

ಹುಣಸೂರಿನಲ್ಲಿ ಮಳೆ ನಿಂತು ಬಿಸಿಲು ಬಂದಿತ್ತು. ಸೇತುವೆಯ ಕೆಳಗೆ ಲಕ್ಷ್ಮಣತೀರ್ಥ ಕೆಂಪಗೆ ಹರಿಯುತ್ತಿತ್ತು. ನಿಲ್ದಾಣದ ಹತ್ತಿರದ ಮೆಸ್ಸಿನಲ್ಲಿ ಮುದ್ದೆ, ಉಪ್ಸಾರು, ಖಾರ, ಅನ್ನ, ಎಪ್ಪತ್ತು ರೂಪಾಯಿ. ಹಸಿವಾಗಿತ್ತು, ಎರಡನೇ ಮುದ್ದೆಯನ್ನೂ ಹಾಕಿಸಿಕೊಂಡೆ. ಅಲ್ಲಿಂದ ಪಿರಿಯಾಪಟ್ಟಣಕ್ಕೆ ಮುಕ್ಕಾಲು ಗಂಟೆಯ ದಾರಿ. ಎರಡೂ ಬದಿ ಹೊಗೆಸೊಪ್ಪಿನ ಹೊಲ, ಹೊಲಗಳ ನಡುವೆ ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳು, ಅವುಗಳಿಂದ ಏಳುವ ತೆಳು ಹೊಗೆ. ಆ ವಾಸನೆ ಕಿಟಕಿಯಿಂದ ನುಗ್ಗಿ ಗಂಟಲು ಕೆರೆಯಿತು. ಶಾಲಿನಿಂದ ಮೂಗು ಮುಚ್ಚಿಕೊಂಡೆ. ಸಂಜೆ ಪಿರಿಯಾಪಟ್ಟಣದಲ್ಲಿ ನನ್ನ ಚಿಕ್ಕಮ್ಮನ ಮಗಳು ರತ್ನಳ ಮನೆ ಸೇರಿದೆ. ಅವಳು ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವವಳು, ನನಗೆ ಅದೇ ಆರಾಮವಾಯಿತು.

ಶುಕ್ರವಾರ ಬೆಳಿಗ್ಗೆ ರತ್ನ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಎರಡನೇ ಶಾಲೆಗೆ ಬಿಟ್ಟಳು. ಊರಿನಿಂದ ಆರು ಕಿಲೋಮೀಟರ್. ಅಲ್ಲಿ ಜಗುಲಿಯ ಮೂಲೆಯಲ್ಲಿ ನಂದಿನಿ ಎಂಬ ಮೂರನೇ ತರಗತಿಯ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೇ ಕಾರ್ಡನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಎಣಿಸಿದೆ. ನಾಲ್ಕು, ಐದು, ಆರು. ಪ್ರತಿ ಸಲವೂ ಹಾಳೆಯಲ್ಲಿ ಒಂದೇ ಒಂದು ಗೆರೆ ಸೇರಿಸುವಳು.

"ಎಷ್ಟ್ ಸಲ ಕೇಳ್ತೀಯವ್ವಾ?" ಎಂದು ಪಿಸುಗುಟ್ಟಿದೆ.

ಅವಳು ಒಂದು ಕಿವಿಯದನ್ನು ತೆಗೆದಳು. "ತಿಳಿಯಾಗಂಟ. ಈ ಮಿಸ್ಸು ಎಷ್ಟ್ ಸಲ ಕೇಳುದ್ರೂವೆ ಬೈಯಾಕಿಲ್ಲ."

ಆ ಮಿಸ್ಸು ಬಯ್ಯುವುದಿಲ್ಲ, ನಿಜ. ನಾನು ಬಯ್ಯುತ್ತಿದ್ದೆ. "ಒಂದೇ ಸಲ ಹೇಳೋದು, ಕಿವಿ ಎಲ್ಲಿಟ್ಟಿದ್ದೆ?" ಎಂದು ಎಷ್ಟು ಮಕ್ಕಳಿಗೆ ಹೇಳಿಲ್ಲ! ಹಾಗೆ ಬೈಸಿಕೊಂಡು ಮತ್ತೆ ಕೇಳದೇ ಉಳಿದವರು ಎಷ್ಟು ಮಂದಿಯೋ. ನನ್ನ ಧ್ವನಿಯ ಜೊತೆ ಹೋದದ್ದೆಲ್ಲ ಒಳ್ಳೆಯದೇ ಎಂದು ವರ್ಷವಿಡೀ ಕೊರಗಿದ್ದೆ. ಆ ಜಗುಲಿಯಲ್ಲಿ ಕೂತಾಗ ಹಾಗನ್ನಿಸಲಿಲ್ಲ. ನಂದಿನಿ ಏಳನೇ ಸಲ ಕೇಳಿ ಚಿತ್ರ ಮುಗಿಸಿದಳು. ಎರಡು ಚಕ್ರದ ಗಾಡಿ, ಗಾಡಿಯ ಮೇಲೆ ಕುಂಬಳಕಾಯಿ. ಒಂದೂ ಬಿಟ್ಟುಹೋಗಿರಲಿಲ್ಲ.

ಮಧ್ಯಾಹ್ನ ಮತ್ತೆ ಹುಣಸೂರು, ಅಲ್ಲಿಂದ ಕೋಟೆ ಬಸ್ಸು. ಎಚ್.ಡಿ. ಕೋಟೆಯನ್ನು ಈ ಕಡೆ ಎಲ್ಲರೂ ಬರೀ ಕೋಟೆ ಎನ್ನುತ್ತಾರೆ. ಒಂದೂಕಾಲು ಗಂಟೆ ನಿಂತೇ ಹೋಗಬೇಕಾಯಿತು. ಕುಮಾರ ನಿಲ್ದಾಣಕ್ಕೆ ಬಂದಿದ್ದ. ಅವನ ಹೆಂಡತಿ ಸವಿತ ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿದ್ದಳು. ನನ್ನ ಗಂಟಲು ನೆನೆದು ಖಾರ ಕಮ್ಮಿ ಹಾಕಿದ್ದಳಂತೆ. ಹನ್ನೆರಡು ಕಾರ್ಡಿನ ಸುದ್ದಿಯನ್ನು ಕುಮಾರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶನಿವಾರ ಬೆಳಗಿನ ಶಾಲೆ. ಆರೂವರೆಯ ಬಸ್ಸಿಗೆ ಹೊರಟು ಸರಗೂರು ದಾಟಿದೆವು. ಶುಂಠಿ ಹೊಲಗಳ ಬದಿಯಲ್ಲಿ ಮಲಯಾಳಂ ಮಾತಾಡುವ ಇಬ್ಬರು ಹತ್ತಿದರು. ಒಬ್ಬರು ಕುಮಾರನಿಗೆ, "ಎಂದಾ ಮಾಷೇ, ಮಳೆ ಜೋರು ಬರ್ತದೆ ಇವತ್ತು," ಎಂದು ಎರಡೂ ಭಾಷೆ ಬೆರೆಸಿ ಹೇಳಿ ನಕ್ಕರು. ಎನ್. ಬೇಗೂರು ಹತ್ತಿರವಾದಂತೆ ಕಾಡು ರಸ್ತೆಯ ಪಕ್ಕಕ್ಕೇ ಬಂತು. ಆನೆ ದಾಟದಿರಲೆಂದು ತೋಡಿದ ಕಂದಕದಲ್ಲಿ ನೀರು ನಿಂತಿತ್ತು. ಬೇಗೂರಿನಿಂದಾಚೆ ಕುಮಾರನ ಬೈಕಿನಲ್ಲಿ ಹತ್ತು ನಿಮಿಷ. ಅದನ್ನು ಅವನು ಒಂದು ಅಂಗಡಿಯ ಮುಂದೆ ನಿಲ್ಲಿಸಿರುತ್ತಾನೆ.

ಶಾಲೆ ಚಿಕ್ಕದು. ಒಂದರಿಂದ ಮೂರನೇ ತರಗತಿಯವರೆಗೆ ಒಂದೇ ಕೋಣೆ, ಹದಿನಾಲ್ಕು ಮಕ್ಕಳು, ಮೇಲೆ ಶೀಟು. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಕುಮಾರ ಎಲ್ಲ ತುಣುಕುಗಳನ್ನೂ ಫೋನಿನೊಳಗೇ ಇಳಿಸಿಟ್ಟು, ಕೋಡು ತೋರಿಸಿದರೆ ಅಲ್ಲಿಂದಲೇ ತೆರೆಯುವಂತೆ ಮಾಡಿಕೊಂಡಿದ್ದ.

"ಇವ್ರು ಯಾರು ಗೊತ್ತಾ?" ಎಂದು ಮಕ್ಕಳಿಗೆ ಕೇಳಿದ. "ಇವ್ರೇ ಕಾರ್ಡ್ ಮಿಸ್ಸು."

ಹದಿನಾಲ್ಕು ಜೊತೆ ಕಣ್ಣು ನನ್ನ ಮೇಲೆ ಬಿತ್ತು. ನಾನು ನಮಸ್ಕಾರ ಎಂದೆ. ಆ ಗೊಗ್ಗರು ಕೇಳಿ ಮುಂದೆ ಕೂತಿದ್ದ ಎರಡನೇ ತರಗತಿಯ ಚೆಲುವಿ ತಲೆ ಕೊಡವಿದಳು.

"ಇವ್ರಲ್ಲ ಸಾ. ಕಾರ್ಡ್ ಮಿಸ್ಸು ಅಂಗ್ ಮಾತಾಡಾಕಿಲ್ಲ. ಇವ್ರು ಅಜ್ಜಿ."

ಕುಮಾರನ ಮುಖ ಬಿಳಿಚಿತು. "ಏ, ಅಂಗನ್ಬಾರ್ದು ಕಣೇ," ಎಂದ. ನಾನು ನಕ್ಕೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಕುಮಾರ ಮಾತು ಮರೆಸಲು ಬೇಗ ಒಂದು ಕಾರ್ಡು ಹಿಡಿದ. ಧ್ವನಿ ಶುರುವಾಯಿತು, ಅಷ್ಟರಲ್ಲಿ ಮಳೆಯೂ ಬಂತು. ಶೀಟಿನ ಮೇಲೆ ಬೀಳುವ ಆ ಸದ್ದು ಕೇಳಿದವರಿಗೇ ಗೊತ್ತು. ಕಲ್ಲಿನ ಲೋಡು ಸುರಿದ ಹಾಗೆ. ಸ್ಪೀಕರನ್ನು ಪೂರ್ತಿ ಏರಿಸಿದ. ಏನೂ ಕೇಳಿಸಲಿಲ್ಲ. ಅವನು ಕೂಗಿದ, ಅದೂ ಕೇಳಿಸಲಿಲ್ಲ. ಮಕ್ಕಳು ಹಾಳೆ, ಬಣ್ಣದ ಸೀಸ ಹಿಡಿದು ಕೂತೇ ಇದ್ದರು.

ಏನನ್ನಿಸಿತೋ, ನಾನು ಎದ್ದು ಹೋಗಿ ಮೊದಲ ಮಗುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅದರ ಕಿವಿಗೆ ಬಾಯಿಟ್ಟು ಹೇಳಿದೆ: "ಒಂದು ಕಂದಕ ಬರಿ." ಅದು ಬೆಚ್ಚಿ ನನ್ನನ್ನೇ ನೋಡಿತು, ಆಮೇಲೆ ಬರೆಯಿತು. ಎರಡನೆಯದರ ಹತ್ತಿರ ಹೋದೆ, ಮೂರನೆಯದರ ಹತ್ತಿರ ಹೋದೆ. ಹದಿನಾಲ್ಕು ಮುಗಿಸಿ ಮತ್ತೆ ಮೊದಲಿನಿಂದ: "ಕಂದಕದ ಆಚೆ ಒಂದು ಆನೆ." ಮತ್ತೊಂದು ಸುತ್ತು: "ಈಚೆ ಛತ್ರಿ ಹಿಡಿದ ಅಜ್ಜಿ." ಆ ಮಳೆಯಲ್ಲಿ ಒಳ್ಳೆಯ ಧ್ವನಿ ಇದ್ದಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ. ಕಿವಿಯಲ್ಲಿ ಹೇಳುವುದಕ್ಕೆ ನನ್ನ ಗಾಳಿಯೇ ಸಾಕಾಗಿತ್ತು. ಚೆಲುವಿ ಸೆರಗು ಹಿಡಿದೆಳೆದು "ಇನ್ನೊಂದ್ಸಲಿ ಯೋಳಿ" ಎಂದಳು. ಹೇಳಿದೆ. "ಇನ್ನೊಂದ್ಸಲಿ." ಹೇಳಿದೆ. ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ಗೊತ್ತಾಗಿದ್ದವರೂ ಕಿವಿ ಒಡ್ಡಿಕೊಂಡು ಕಾಯುತ್ತಿದ್ದರು. ಮಂಡಿ ನೋಯುತ್ತಿತ್ತು. ನಾನು ಯಾರಿಗೂ ಇಲ್ಲವೆನ್ನಲಿಲ್ಲ.

ಅರ್ಧ ಗಂಟೆಯಲ್ಲಿ ಮಳೆ ಇಳಿಯಿತು. ಹದಿನಾಲ್ಕು ಆನೆಗಳಲ್ಲಿ ಎರಡು ಕಂದಕದೊಳಗೇ ಬಿದ್ದಿದ್ದವು, ಒಂದು ಆನೆಗೆ ಛತ್ರಿ ಸಿಕ್ಕಿತ್ತು. ಕುಮಾರ ಚೆಲುವಿಯನ್ನು ಕೇಳಿದ: "ಈಗ್ಲಾದ್ರೂ ಒಪ್ಕೊಂಡ್ಯಾ, ಇವ್ರೇ ಕಾರ್ಡ್ ಮಿಸ್ಸು ಅಂತ?"

ಅವಳು ಮತ್ತೆ ತಲೆ ಕೊಡವಿದಳು. "ಇಲ್ಲ ಸಾ. ಆ ಮಿಸ್ಸು ಬ್ಯಾರೆ. ಇವ್ರು ಮಾತಾಡುದ್ರೆ ಕಿವಿಗೆ ಕಚಗುಳಿ ಆಯ್ತದೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ದೂ ಒಂದ್ ಕಾರ್ಡ್ ಮಾಡ್ಸಿ ಅಜ್ಜಿ. ನೀವು ಊರ್ಗೋದ್ಮೇಲೆ ಕೇಳಾಕೆ," ಎಂದಳು.

ಕುಮಾರ ನನ್ನನ್ನು ನೋಡಿದ. "ಫೋನ್ ತಗೊಳಪ್ಪ," ಎಂದೆ.

ಕಂದಕ, ಆನೆ, ಛತ್ರಿಯ ಅಜ್ಜಿಯನ್ನು ಅಲ್ಲೇ ರೆಕಾರ್ಡ್ ಮಾಡಿದೆವು. ಉಸಿರು ಬಿಗಿಹಿಡಿದು ಕೂತಿದ್ದ ಮಕ್ಕಳಲ್ಲಿ ಒಬ್ಬ ಸೀನಿದ, ಎಲ್ಲರೂ ಕಿಸಕ್ಕೆಂದರು. ಮತ್ತೆ ಮಾಡೋಣವೇ ಎಂದು ಕುಮಾರ ಕೇಳಿದ. ಬೇಡ, ಇರಲಿ ಎಂದೆ. ನನ್ನ ಈಗಿನ ಧ್ವನಿಯನ್ನು ಮೊದಲ ಸಲ ಫೋನಿನಲ್ಲಿ ಕೇಳಿದೆ. ಚೆನ್ನಾಗಿತ್ತು ಎನ್ನಲಾರೆ. ಕೇಳಬಹುದಾಗಿತ್ತು. ಉಳಿದ ಹನ್ನೊಂದನ್ನು ಮನೆಯಿಂದಲೇ ಕಳಿಸುತ್ತೇನೆಂದು ಒಪ್ಪಿಕೊಂಡೆ.

ಕೋಟೆ ಮುಟ್ಟಿ, ಸವಿತ ಕಟ್ಟಿಕೊಟ್ಟ ಚಿತ್ರಾನ್ನ ಬಸ್ಸಿನಲ್ಲೇ ತಿಂದು ಹುಣಸೂರಿನಲ್ಲಿ ಇಳಿದಾಗ ನಾಲ್ಕೂವರೆ. ಊರಿನ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನಿಲ್ದಾಣದ ಹೊರಗೆ ಮನೆಯವರಿಗೆ ಪಕೋಡ ಕಟ್ಟಿಸುತ್ತ ನಿಂತಿದ್ದೆ. ತಿರುಗಿ ನೋಡಿದರೆ ಬಸ್ಸು ಹೊರಟೇಬಿಟ್ಟಿದೆ. ಚೀಲ ಎತ್ತಿಕೊಂಡು ಓಡಿದೆ. ಕೈ ಬೀಸಿದರೆ ಕಾಣುವಂತಿರಲಿಲ್ಲ, ನಡುವೆ ಜನ. ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಕೂಗುವ ಹಾಗೆ ಕೂಗಿದೆ:

"ಹೋಲ್ಡಾನ್! ಏಯ್, ಹೋಲ್ಡಾನ್!"

ಒಡಕು, ಕರ್ಕಶ, ಕಾಗೆಯ ಹಾಗೆ. ಅರ್ಧ ನಿಲ್ದಾಣ ತಿರುಗಿ ನನ್ನನ್ನೇ ನೋಡಿತು. ನಾನು ಇನ್ನೊಂದು ಸಲ, ಇನ್ನೂ ಜೋರಾಗಿ ಕೂಗಿದೆ.

ಬಸ್ಸು ನಿಂತಿತು.