ಹಸಿರು ಗೆರೆಯ ಅಕ್ಕ

ಬೆಳಗಿನ ಆರೂಕಾಲು. ಆಸ್ಪತ್ರೆಯ ಚರ್ಮರೋಗ ವಿಭಾಗ ತೆರೆಯಲು ಇನ್ನೂ ಎರಡೂವರೆ ಗಂಟೆ ಇದೆ. ಸಾಲಿನಲ್ಲಿ ಆಗಲೇ ಮೂವತ್ತು ಜನ. ನೆಲ ಒರೆಸುತ್ತ ಬರುವ ಹೆಂಗಸು ಯಾರ ಮುಖವನ್ನೂ ನೋಡುವುದಿಲ್ಲ, ಕಾಲುಗಳನ್ನಷ್ಟೇ ನೋಡುತ್ತಾರೆ. ತುರುಬಿನಲ್ಲಿ ಹಸಿರು ಪೆನ್ನು. ಇಲ್ಲಿ ಎಲ್ಲರಿಗೂ ಅವರು ‘ಗೆರೆ ಅಕ್ಕ’.

“ಬಗ್ಗಿ ಒರೆಸೋಳಿಗೆ ಕಾಲು ತಾನೇ ಮೊದಲು ಕಾಣೋದು? ಮುಖ ನೋಡೋಕೆ ಡಾಕ್ಟ್ರಿದ್ದಾರೆ.”

ಕಾಲು ಕೆಂಪಗೆ ಊದಿದವರು ವೈದ್ಯರಿಗೆ ತೋರಿಸಿ ಮನೆಗೆ ಹೊರಟಾಗ ಅಕ್ಕ ಅಡ್ಡ ನಿಲ್ಲುತ್ತಾರೆ. ಕೆಂಪಿನ ಅಂಚಿಗೆ ಸುತ್ತಲೂ ಹಸಿರು ಗೆರೆ ಎಳೆಯುತ್ತಾರೆ. ಕೆಂಪು ಗೆರೆ ದಾಟಿದರೆ, ಇಲ್ಲವೇ ಚಳಿಜ್ವರ ಬಂದರೆ, ಈ ಸಾಲಿಗೆ ಬರಕೂಡದು. ನೇರ ತುರ್ತು ಚಿಕಿತ್ಸೆಯ ಬಾಗಿಲಿಗೇ ಹೋಗಬೇಕು. ಹಿರಿಯ ನರ್ಸೊಬ್ಬರು ಕಲಿಸಿದ ಕೆಲಸವಿದು. ಔಷಧಿಯ ಹೆಸರು ಮಾತ್ರ ಅಪ್ಪಿತಪ್ಪಿಯೂ ಅಕ್ಕನ ಬಾಯಲ್ಲಿ ಬರುವುದಿಲ್ಲ. ದಿನಕ್ಕೆ ನಾಲ್ಕೈದು ಗೆರೆ, ಹನ್ನೊಂದು ವರ್ಷದಿಂದ.

ಅದಕ್ಕೂ ಮುಂಚೆ, ಮೂಟೆ ಹೊರುತ್ತಿದ್ದ ಅವರ ಗಂಡನ ಕಾಲಿಗೆ ತಗಡು ಗೀರಿತ್ತು. “ಚರ್ಮ ಕೆಂಪಾಗಿದೆ, ಚರ್ಮದ ಡಾಕ್ಟ್ರೇ ಸರಿ ಅಂತ ಇದೇ ಸಾಲಲ್ಲಿ ಕೂತ್ವಿ. ಅವರು ಗಡಗಡ ನಡುಗ್ತಿದ್ರು, ನಾನು ಸೆರಗು ಹೊದಿಸ್ತಾ ಕೂತಿದ್ದೆ, ದಡ್ಡಿ. ಆ ಬಾಗಿಲು ಇಲ್ಲಿಂದ ಅರವತ್ತೆರಡು ಹೆಜ್ಜೆ. ಆಮೇಲೆ ಎಣಿಸಿದೆ.” ಮೊಣಕಾಲಿನ ಕೆಳಗೆ ಕಾಲು ಹೋಯಿತು. ಗಂಡ ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ‘ಒಂದೇ ಚಪ್ಪಲಿ ಸವೆಯೋದು, ನಿನಗೇ ಲಾಭ’ ಎಂದು ಹೆಂಡತಿಯನ್ನು ರೇಗಿಸುತ್ತಾರಂತೆ.

ಇವತ್ತು ಸಾಲಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದಾರೆ, ನಿನ್ನೆ ಗೆರೆ ಎಳೆಸಿಕೊಂಡು ಹೋದವರು. ಪ್ಯಾಂಟ್ ಮಡಚಿ ತೋರಿಸುತ್ತಾರೆ. “ನೋಡಕ್ಕಾ, ಗೆರೆ ದಾಟಿಲ್ಲ. ಮುಲಾಮು ಬರೆಸ್ಕೊಂಡು ಡ್ಯೂಟಿಗೆ ಹೋಗ್ತೀನಿ.”

ಅಕ್ಕನ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತಿರುವ ನನಗೂ ಹಾಗೇ ಕಾಣುತ್ತದೆ. ಅಕ್ಕ ಒರೆಸುಕೋಲನ್ನು ಗೋಡೆಗೆ ಒರಗಿಸುತ್ತಾರೆ.

“ನನ್ನ ಗೆರೆ ಹಸಿರು. ಇದು ನೀಲಿ. ಯಾರು ಎಳೆದದ್ದು?”

ಡ್ರೈವರ್ ತಲೆ ತಗ್ಗಿಸುತ್ತಾರೆ. “ನಾನೇ. ರಾತ್ರಿ ಕೆಂಪು ನಿಮ್ಮ ಗೆರೆ ದಾಟಿತ್ತು, ಅದನ್ನ ಸೋಪು ಹಾಕಿ ತೊಳೆದು ಆಚೆಗೆ ಇದನ್ನ ಎಳೆದೆ. ಆ ಬಾಗಿಲಿಗೆ ಹೋದ್ರೆ ಕಾಲು ಕತ್ತರಿಸಿಬಿಡ್ತಾರೇನೋ ಅಂತ ಹೆದರಿಕೆ ಆಯ್ತು.”

ಅಕ್ಕ ಅವರ ಹಣೆ ಮುಟ್ಟಿ ನೋಡುತ್ತಾರೆ. “ಮೈ ಕೆಂಡ ಆಗಿದೆ. ಕಾಲು ಹೋಗೋದು ಇಲ್ಲಿ ಕೂತು ಕಾಯೋರದ್ದು. ನಮ್ಮನೇಲಿ ಕಂಡಿದ್ದೀನಿ. ಏಳಿ.”

ಗಾಲಿಕುರ್ಚಿ ತಳ್ಳುತ್ತ ಅಕ್ಕ ಹೆಜ್ಜೆ ಎಣಿಸುವುದು ಹಿಂದೆ ಬರುವ ನನಗೆ ಕೇಳಿಸುತ್ತದೆ. ನಾಲ್ಕನೇ ಕ್ಲಾಸು ಓದಿದ ಈ ಹೆಂಗಸಿನ ಕಣ್ಣಿಗೆ ಬಿದ್ದದ್ದು, ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ ನನಗೆ ಕಾಣಲಿಲ್ಲವಲ್ಲ.

ಮಧ್ಯಾಹ್ನ ತುರ್ತು ವಿಭಾಗದ ವೈದ್ಯರು ಹೊರಗೆ ಬಂದು ಹೇಳುತ್ತಾರೆ: ನಂಜು ರಕ್ತಕ್ಕೆ ಏರತೊಡಗಿತ್ತು, ಸಮಯಕ್ಕೆ ತಂದಿರಿ, ಕಾಲು ಉಳಿಯುತ್ತದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬಕೆಟ್ ಎತ್ತಿಕೊಳ್ಳುತ್ತಾರೆ.

ನಿಮಗೆ ಏನಾದರೂ ಬೇಕಾ ಎಂದು ಕೇಳುತ್ತೇನೆ. ಅಕ್ಕ ತುರುಬಿನ ಪೆನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

“ಹಸಿರು ಪೆನ್ನು ಎರಡು ತಂದ್ಕೊಡಿ. ನೀಲಿ ಎಲ್ಲರ ಮನೇಲೂ ಇರುತ್ತೆ.”